ಬೇಡದ ಜಾಹೀರಾತು ಮತ್ತು ಬ್ರೌಸರ್ ಸ್ಕ್ರಿಪ್ಟು

ಓದಲೆಂದು ತೆರೆದ ಪುಟದಲ್ಲಿ ಓದುಗನು ಕೇಳದ ಮಾತೂ ಎದುರಾಗುವುದು ಹೊಸತೇನಲ್ಲ. ವೃತ್ತಪತ್ರಿಕೆಗಳ ಆರಂಭಕಾಲದಿಂದಲೂ ವಾರ್ತೆಯ ಪಕ್ಕದಲ್ಲಿ ಜಾಹೀರಾತು ಕುಳಿತೇ ಬಂದಿದೆ. ಆದರೆ ಪತ್ರಿಕೆಯ ಜಾಹೀರಾತಿಗೆ ಒಂದು ಮರ್ಯಾದೆಯುಂಟು. ಅದು ತನ್ನ ಚೌಕಟ್ಟಿನೊಳಗೆ ನಿಂತು, ತಾನು ಜಾಹೀರಾತೆಂದು ತಾನೇ ಸಾರಿಕೊಳ್ಳುತ್ತದೆ. ಬೇಡವಾದವನು ಕಣ್ಣು ಹೊರಳಿಸಿ ಮುಂದೆ ಸಾಗಬಹುದು. ಮೇಲಾಗಿ, ಎಲ್ಲ ಓದುಗರಿಗೂ ಅದು ಒಂದೇ ರೂಪದಲ್ಲಿ ಕಾಣುವುದರಿಂದ ಅದರಲ್ಲಿ ಸುಳ್ಳಿದ್ದರೆ ಊರಿಗೆ ಊರೇ ಅದನ್ನು ಗುರುತಿಸಬಲ್ಲದು. ಸಾಮಾಜಿಕ ಮಾಧ್ಯಮಗಳಲ್ಲಿ ಬರುವ ಜಾಹೀರಾತು ಈ ಎರಡು ಗುಣಗಳನ್ನೂ ಬಹುಮಟ್ಟಿಗೆ ಕಳೆದುಕೊಂಡಿದೆ. ಸ್ನೇಹಿತನ ಮಗಳ ಮದುವೆಯ ಚಿತ್ರ, ಹಳೆಯ ಸಹಪಾಠಿಯ ಕುಶಲವಾರ್ತೆ, ಊರ ಜಾತ್ರೆಯ ಸುದ್ದಿ, ಇವುಗಳ ನಡುವೆ ಇವುಗಳ ವೇಷವನ್ನೇ ತೊಟ್ಟು ಅದು ಬರುತ್ತದೆ. ಒಬ್ಬೊಬ್ಬನಿಗೆ ಒಂದೊಂದು ಬಗೆಯಾಗಿ ಬರುತ್ತದೆ.

ಅಕ್ಕಿಯಲ್ಲಿ ಕರಿಗಲ್ಲಿದ್ದರೆ ಆರಿಸುವುದು ಸುಲಭ. ಬಿಳಿಗಲ್ಲಿದ್ದರೆ ಮೊರವನ್ನು ಬೆಳಕಿಗೆ ಹಿಡಿದು, ಕಾಳು ಕಾಳನ್ನೂ ನೋಡಿ ಆರಿಸಬೇಕಾಗುತ್ತದೆ. ಅಂತರಜಾಲದ ಈ ಬಿಳಿಗಲ್ಲನ್ನು ಆರಿಸಿ ತೆಗೆಯಲು ಗಣಕಯಂತ್ರದ ಬಳಕೆದಾರರು ತಾವೇ ರೂಪಿಸಿಕೊಂಡ ಸಾಧನವೇ ಬ್ರೌಸರ್ ಸ್ಕ್ರಿಪ್ಟು. ಅದು ಎಂತಹುದು, ಹೇಗೆ ಕೆಲಸ ಮಾಡುತ್ತದೆ, ಅದರ ಮಿತಿಗಳೂ ಅಪಾಯಗಳೂ ಯಾವುವು ಎಂಬುದನ್ನು ವಿವರಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಜಾಹೀರಾತು ಬೆಳೆದು ಬಂದ ಬಗೆ

ಅಂತರಜಾಲದ ಪುಟಗಳಲ್ಲಿ ಪಟ್ಟಿಯಾಕಾರದ ಜಾಹೀರಾತು ಪ್ರಸಿದ್ಧಿಗೆ ಬಂದುದು 1994ರ ಅಕ್ಟೋಬರ್ 27ರಂದು. ಅಮೆರಿಕದ 'ಹಾಟ್‌ವೈರ್ಡ್' ಎಂಬ ಜಾಲಪತ್ರಿಕೆಯು ಅಂದು ದೂರವಾಣಿ ಸಂಸ್ಥೆಯಾದ ಎಟಿ ಅಂಡ್ ಟಿ ಮೊದಲಾದವರ ಜಾಹೀರಾತುಗಳನ್ನು ತನ್ನ ಪುಟಗಳಲ್ಲಿ ಪ್ರಕಟಿಸಿತು. ಅದು ಪತ್ರಿಕೆಯ ಜಾಹೀರಾತಿನಂತೆಯೇ ಚೌಕಟ್ಟಿನೊಳಗೆ ಇದ್ದಿತು. 2004ರಲ್ಲಿ ಫೇಸ್‌ಬುಕ್ ಆರಂಭವಾಯಿತು. 2006ರ ಸೆಪ್ಟೆಂಬರಿನಲ್ಲಿ ಆ ಸಂಸ್ಥೆಯು ಸ್ನೇಹಿತರ ಬರಹಗಳನ್ನೆಲ್ಲ ಒಂದರ ಕೆಳಗೊಂದಾಗಿ ಹರಿಯಬಿಡುವ 'ನ್ಯೂಸ್ ಫೀಡ್' ಎಂಬ ವ್ಯವಸ್ಥೆಯನ್ನು ತಂದಿತು. ಮೊದಲ ಕೆಲವು ವರ್ಷಗಳಲ್ಲಿ ಜಾಹೀರಾತು ಪುಟದ ಅಂಚಿನಲ್ಲಿ ಇರುತ್ತಿತ್ತು. 2012ರಲ್ಲಿ ಅದು ಅಂಚನ್ನು ದಾಟಿ ಫೀಡಿನ ಒಳಗೇ ಪ್ರವೇಶಿಸಿತು. ಅಂದಿನಿಂದ ಸ್ನೇಹಿತನ ಮಾತಿಗೂ ವ್ಯಾಪಾರಿಯ ಮಾತಿಗೂ ಮುಖ್ಯವಾಗಿ ಉಳಿದ ವ್ಯತ್ಯಾಸವೆಂದರೆ, ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿ ಬರೆದ ಒಂದು ಪದ: ಇಂಗ್ಲಿಷಿನಲ್ಲಿ 'ಸ್ಪಾನ್ಸರ್ಡ್', ಕನ್ನಡದಲ್ಲಿ 'ಪ್ರಾಯೋಜಿತ'.

ಈ ಪದದ ಹಿಂದಿರುವ ವ್ಯವಹಾರ ಅಲ್ಪವಾದುದಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್‌ಗಳ ಒಡೆತನವುಳ್ಳ ಮೆಟಾ ಸಂಸ್ಥೆಗೆ 2024ರಲ್ಲಿ ಬಂದ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ಪ್ರತಿ ನೂರು ಡಾಲರಿಗೆ ತೊಂಬತ್ತೇಳಕ್ಕೂ ಹೆಚ್ಚು ಡಾಲರ್ ಜಾಹೀರಾತಿನಿಂದಲೇ ಬಂದುದು. ಬಳಕೆದಾರನು ಹಣ ಕೊಡದೆ ಪಡೆಯುವ ಸೇವೆಗೆ ಬೆಲೆಯಾಗಿ ಸಲ್ಲುತ್ತಿರುವುದು ಅವನ ಗಮನ, ಅವನ ಕಾಲ ಮತ್ತು ಅವನ ಅಭಿರುಚಿಗಳ ವಿವರ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಹಾನಿ ಎಲ್ಲಿದೆ?

ಜಾಹೀರಾತು ಎಂದಾಕ್ಷಣ ಕೆಟ್ಟದೆಂದು ಭಾವಿಸಬೇಕಾಗಿಲ್ಲ. ಊರಿಗೆ ಹೊಸದಾಗಿ ಬಂದ ಪುಸ್ತಕದಂಗಡಿಯ ವಿಷಯ ಜನರಿಗೆ ತಿಳಿಯುವುದು ಜಾಹೀರಾತಿನಿಂದಲೇ ಅಲ್ಲವೆ? ಆದರೆ ವೇಷ ಮರೆಸಿದ ಜಾಹೀರಾತು ಮೋಸಗಾರನ ಕೈಗೆ ಸಿಕ್ಕಿದಾಗ ಅದರ ಪರಿಣಾಮ ಬೇರೆಯೇ ಆಗುತ್ತದೆ. ಇನ್ಫೋಸಿಸ್ ಸಂಸ್ಥಾಪಕರಲ್ಲೊಬ್ಬರಾದ ಎನ್. ಆರ್. ನಾರಾಯಣಮೂರ್ತಿಯವರು 2023ರ ಡಿಸೆಂಬರಿನಲ್ಲಿ ಸಾರ್ವಜನಿಕ ಎಚ್ಚರಿಕೆಯೊಂದನ್ನು ಪ್ರಕಟಿಸಬೇಕಾಯಿತು. ತಾವು ಸ್ವಯಂಚಾಲಿತ ಷೇರು ವ್ಯವಹಾರದ ಆ್ಯಪ್‌ಗಳನ್ನು ಪುರಸ್ಕರಿಸಿರುವುದಾಗಿ ಹಬ್ಬಿದ ಸುದ್ದಿಯೂ, ತಮ್ಮ ಮುಖ ಮತ್ತು ದನಿಯನ್ನು ಯಂತ್ರದಿಂದ ಅನುಕರಿಸಿದ ಚಿತ್ರಗಳೂ ಸುಳ್ಳೆಂದು ಅವರು ತಿಳಿಸಿದರು. 2024ರ ಜನವರಿಯಲ್ಲಿ ಕ್ರಿಕೆಟ್ ಆಟಗಾರ ಸಚಿನ್ ತೆಂಡೂಲ್ಕರರೂ ಇಂತಹದೇ ಎಚ್ಚರಿಕೆಯನ್ನು ನೀಡಿದರು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆಯಾದ ಎಫ್‌ಬಿಐ 2022ರ ಡಿಸೆಂಬರಿನಲ್ಲಿ, ಪ್ರಸಿದ್ಧ ಸಂಸ್ಥೆಗಳ ಸೋಗಿನಲ್ಲಿ ಬರುವ ಶೋಧ ಜಾಹೀರಾತುಗಳಿಂದ ಪಾರಾಗಲು ಜಾಹೀರಾತು ತಡೆಯುವ ಸಾಧನವನ್ನು ಬಳಸುವಂತೆ ತನ್ನ ಪ್ರಜೆಗಳಿಗೆ ಸಲಹೆ ಮಾಡಿತು.

ನಿವೃತ್ತರಾದ ಶಿಕ್ಷಕರೊಬ್ಬರು ತಮ್ಮ ಶಿಷ್ಯರ ಯೋಗಕ್ಷೇಮ ತಿಳಿಯಲೆಂದು ಪ್ರತಿದಿನ ಬೆಳಿಗ್ಗೆ ಫೀಡನ್ನು ತೆರೆಯುತ್ತಾರೆ ಎಂದಿಟ್ಟುಕೊಳ್ಳೋಣ. ಶಿಷ್ಯರ ಮಾತಿನ ನಡುವೆ ಪರಿಚಿತ ಮುಖವೊಂದು ಕಾಣಿಸಿಕೊಂಡು ಹಣ ಇಮ್ಮಡಿಯಾಗುವ ಯೋಜನೆಯನ್ನು ವಿವರಿಸುತ್ತದೆ. ಸಣ್ಣ ಅಕ್ಷರದ ಆ ಒಂದು ಪದವು ಮಂದವಾದ ಕಣ್ಣಿಗೆ ಬೀಳದೆ ಹೋದರೆ, ಮೂವತ್ತು ವರ್ಷ ದುಡಿದು ಕೂಡಿಟ್ಟ ಹಣಕ್ಕೆ ಸಂಚಕಾರ ಒದಗಬಹುದು. ಆದುದರಿಂದ ಇದು ಕೇವಲ ಕಿರಿಕಿರಿಯ ಪ್ರಶ್ನೆಯಲ್ಲ. ತನ್ನೆದುರಿಗೆ ಮಾತನಾಡುತ್ತಿರುವವನು ಯಾರು ಎಂದು ತಿಳಿಯುವ ಓದುಗನ ಹಕ್ಕಿನ ಪ್ರಶ್ನೆ.

ಪುಟವು ಪರದೆಯ ಮೇಲೆ ಮೂಡುವ ಕ್ರಮ

ಸ್ಕ್ರಿಪ್ಟು ಕೆಲಸ ಮಾಡುವ ಬಗೆಯನ್ನು ತಿಳಿಯಬೇಕಾದರೆ, ಜಾಲಪುಟ ಎಂಬುದು ಹೇಗೆ ರೂಪುಗೊಳ್ಳುತ್ತದೆಂಬುದನ್ನು ಮೊದಲು ಗಮನಿಸಬೇಕು. ಮುದ್ರಿತ ಪುಟವು ಅಚ್ಚಿನ ಮನೆಯಲ್ಲಿಯೇ ಪೂರ್ಣವಾಗಿ ಓದುಗನ ಕೈಗೆ ಬರುತ್ತದೆ. ಜಾಲಪುಟ ಹಾಗಲ್ಲ. ದೂರದ ಸರ್ವರಿನಿಂದ ಬರುವುದು ಪುಟವಲ್ಲ, ಪುಟವನ್ನು ಕಟ್ಟುವ ವಿಧಾನದ ವಿವರ. 'ಇಲ್ಲಿ ಒಂದು ಶೀರ್ಷಿಕೆ ಇರಲಿ, ಅದರ ಕೆಳಗೆ ಚಿತ್ರವಿರಲಿ, ಅದರ ಕೆಳಗೆ ಈ ವಾಕ್ಯವಿರಲಿ' ಎಂಬ ಸೂಚನೆಗಳ ಕಟ್ಟೊಂದು ಬರುತ್ತದೆ. ಆ ಸೂಚನೆಗಳನ್ನು ಓದಿ ಪುಟವನ್ನು ಕಟ್ಟುವ ಕೆಲಸ ಓದುಗನ ಗಣಕಯಂತ್ರದಲ್ಲಿಯೇ ನಡೆಯುತ್ತದೆ. ಕಟ್ಟುವ ಮೇಸ್ತ್ರಿಯೇ ಬ್ರೌಸರು. ಕ್ರೋಮ್, ಫೈರ್‌ಫಾಕ್ಸ್ ಮೊದಲಾದವು ಇಂತಹ ಬ್ರೌಸರುಗಳು.

ಬ್ರೌಸರು ಈ ಸೂಚನೆಗಳನ್ನು ಒಂದು ವಂಶವೃಕ್ಷದಂತೆ ಜೋಡಿಸಿಕೊಳ್ಳುತ್ತದೆ. ಪುಟ ಎಂಬುದು ಮೂಲಪುರುಷ; ಫೀಡು ಅದರ ಒಂದು ಕವಲು; ಒಂದೊಂದು ಬರಹವೂ ಫೀಡಿನ ಮಗುವಿದ್ದಂತೆ; ಬರಹದೊಳಗಿನ ಹೆಸರು, ಸಮಯ, ಚಿತ್ರ, ಮಾತು ಇವು ಮೊಮ್ಮಕ್ಕಳಿದ್ದಂತೆ. ಇದನ್ನು ತಾಂತ್ರಿಕರು 'ಡಾಮ್' ಎಂದು ಕರೆಯುತ್ತಾರೆ. ಈ ವೃಕ್ಷದ ಯಾವ ಕೊಂಬೆಯನ್ನಾದರೂ ಹುಡುಕಿ, ಬದಲಿಸಿ, ಮರೆಮಾಡಬಲ್ಲ ಭಾಷೆಯೊಂದು ಬ್ರೌಸರಿನಲ್ಲಿಯೇ ಅಡಕವಾಗಿದೆ. ಅದೇ ಜಾವಾಸ್ಕ್ರಿಪ್ಟ್. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿದ್ದ ಬ್ರೆಂಡನ್ ಐಕ್ ಎಂಬವರು ಅದರ ಮೊದಲ ರೂಪವನ್ನು ಹತ್ತೇ ದಿನಗಳಲ್ಲಿ ಸಿದ್ಧಪಡಿಸಿದರೆಂಬುದು ಪ್ರಸಿದ್ಧ ಸಂಗತಿ. ಪುಟವನ್ನು ಕಳುಹಿಸುವವರು ಈ ಭಾಷೆಯಲ್ಲಿ ಆಜ್ಞೆಗಳನ್ನು ಬರೆದು ಕಳುಹಿಸುತ್ತಾರೆ. ಹಾಗಾದರೆ ಪುಟವನ್ನು ಪಡೆಯುವವನೂ ತನ್ನ ಆಜ್ಞೆಗಳನ್ನು ಅದಕ್ಕೆ ಏಕೆ ಸೇರಿಸಬಾರದು? ಈ ಪ್ರಶ್ನೆಯೇ ಬಳಕೆದಾರನ ಸ್ಕ್ರಿಪ್ಟಿಗೆ ಮೂಲವಾಯಿತು.

2004ರ ಕೊನೆಯಲ್ಲಿ ಆ್ಯರನ್ ಬೂಡ್‌ಮನ್ ಎಂಬವರು ಫೈರ್‌ಫಾಕ್ಸ್ ಬ್ರೌಸರಿಗೆ 'ಗ್ರೀಸ್‌ಮಂಕಿ' ಎಂಬ ಜೋಡಣೆಯನ್ನು ರಚಿಸಿದರು. ಬಳಕೆದಾರನು ಬರೆದ ಅಥವಾ ಬೇರೆಯವರಿಂದ ಪಡೆದ ಸಣ್ಣ ಜಾವಾಸ್ಕ್ರಿಪ್ಟ್ ಬರಹವನ್ನು ನಿಗದಿಯಾದ ಪುಟ ತೆರೆದಾಗಲೆಲ್ಲ ತಾನಾಗಿ ನಡೆಸುವುದೇ ಅದರ ಕೆಲಸ. 2010ರಲ್ಲಿ 'ಟ್ಯಾಂಪರ್‌ಮಂಕಿ' ಬಂದಿತು. ಅನಂತರದ 'ವಯಲೆಂಟ್‌ಮಂಕಿ'ಯು ತನ್ನ ಒಳಬರಹವನ್ನು ಎಲ್ಲರೂ ಓದಿ ಪರೀಕ್ಷಿಸುವಂತೆ ತೆರೆದಿಟ್ಟಿದೆ.

ಬಾಗಿಲಲ್ಲಿ ತಡೆ, ಮೊರದಲ್ಲಿ ಆಯ್ಕೆ

ಜಾಹೀರಾತನ್ನು ತಡೆಯುವುದರಲ್ಲಿ ಎರಡು ಮಾರ್ಗಗಳುಂಟು. ಮೊದಲನೆಯದು ಬಾಗಿಲಲ್ಲಿಯೇ ತಡೆಯುವುದು. ಸಾಮಾನ್ಯ ಜಾಲಪತ್ರಿಕೆಗಳಲ್ಲಿ ಲೇಖನವು ಪತ್ರಿಕೆಯ ಸರ್ವರಿನಿಂದಲೂ, ಜಾಹೀರಾತು ಮತ್ತೊಂದು ಜಾಹೀರಾತು ಸಂಸ್ಥೆಯ ಸರ್ವರಿನಿಂದಲೂ ಬರುವುದು ವಾಡಿಕೆ. ಆ ಎರಡನೆಯ ವಿಳಾಸಗಳ ಪಟ್ಟಿಯೊಂದು ಕೈಯಲ್ಲಿದ್ದರೆ ಅಲ್ಲಿಗೆ ಬೇಡಿಕೆಯೇ ಹೋಗದಂತೆ ಮಾಡಬಹುದು. 2006ರ 'ಆ್ಯಡ್‌ಬ್ಲಾಕ್ ಪ್ಲಸ್', 2014ರಲ್ಲಿ ರೇಮಂಡ್ ಹಿಲ್ ಎಂಬವರು ಆರಂಭಿಸಿದ 'ಯುಬ್ಲಾಕ್' ಮತ್ತು ಅದರಿಂದ ಬೆಳೆದ 'ಯುಬ್ಲಾಕ್ ಒರಿಜಿನ್' ಮುಖ್ಯವಾಗಿ ಈ ಮಾರ್ಗದವು. ಇವು ಬಳಸುವ 'ಈಸಿಲಿಸ್ಟ್' ಎಂಬ ಪಟ್ಟಿಯನ್ನು 2005ರಿಂದಲೂ ಸ್ವಯಂಸೇವಕರು ಬೆಳೆಸಿಕೊಂಡು ಬಂದಿದ್ದಾರೆ.

ಸಾಮಾಜಿಕ ಮಾಧ್ಯಮದ ಫೀಡಿನಲ್ಲಿ ಈ ಮಾರ್ಗ ಸಾಲದು. ಅಲ್ಲಿ ಸ್ನೇಹಿತನ ಮಾತೂ ವ್ಯಾಪಾರಿಯ ಮಾತೂ ಒಂದೇ ಸರ್ವರಿನಿಂದ, ಒಂದೇ ಚೀಲದಲ್ಲಿ ಕೂಡಿ ಬರುತ್ತವೆ. ಬಾಗಿಲು ಮುಚ್ಚಿದರೆ ಕಲ್ಲಿನೊಡನೆ ಅಕ್ಕಿಯೂ ಹೊರಗೇ ಉಳಿಯುತ್ತದೆ. ಆದುದರಿಂದ ಚೀಲವನ್ನು ಒಳಗೆ ಬಿಟ್ಟುಕೊಂಡು, ಮೊರಕ್ಕೆ ಸುರಿದು ಆರಿಸಬೇಕು. ಸ್ಕ್ರಿಪ್ಟು ಮಾಡುವುದು ಈ ಎರಡನೆಯ ಕೆಲಸವನ್ನು. ಅದರ ಕ್ರಮವನ್ನು ಈ ರೀತಿಯಾಗಿ ವಿಂಗಡಿಸಬಹುದು:

1. ಸ್ಕ್ರಿಪ್ಟಿನ ತಲೆಬರಹದಲ್ಲಿ ಅದು ಯಾವ ಜಾಲತಾಣದಲ್ಲಿ ಮಾತ್ರ ನಡೆಯಬೇಕೆಂಬ ವಿಳಾಸವಿರುತ್ತದೆ. ಬೇರೆ ತಾಣಗಳಲ್ಲಿ ಅದು ಸುಮ್ಮನಿರುತ್ತದೆ.

2. ಪುಟ ಮೂಡಿದ ಕೂಡಲೆ ಅದು ಫೀಡಿನ ಕವಲನ್ನು ಹುಡುಕಿ, ಅದರಲ್ಲಿರುವ ಒಂದೊಂದು ಬರಹವನ್ನೂ ನೋಡುತ್ತದೆ.

3. ಹೆಸರಿನ ಕೆಳಗಿನ ಜಾಗದಲ್ಲಿ 'ಪ್ರಾಯೋಜಿತ' ಎಂಬ ಅರ್ಥದ ಪದವಿದ್ದರೆ, ಆ ಬರಹದ ಇಡೀ ಪೆಟ್ಟಿಗೆಗೆ 'ಕಾಣಿಸಿಕೊಳ್ಳಬೇಡ' ಎಂಬ ಆಜ್ಞೆಯನ್ನು ಹಚ್ಚುತ್ತದೆ. ಕೆಳಗಿನ ಬರಹ ಮೇಲಕ್ಕೆ ಸರಿದು ಖಾಲಿ ಜಾಗ ಮುಚ್ಚಿಹೋಗುತ್ತದೆ.

4. ಓದುಗನು ಕೆಳಗೆ ಸರಿದಂತೆಲ್ಲ ಹೊಸ ಬರಹಗಳು ಬಂದು ಸೇರುತ್ತಿರುತ್ತವೆ. ಆದುದರಿಂದ ಸ್ಕ್ರಿಪ್ಟು ಒಮ್ಮೆ ನೋಡಿ ವಿರಮಿಸುವಂತಿಲ್ಲ. ವೃಕ್ಷದಲ್ಲಿ ಹೊಸ ಕೊಂಬೆ ಚಿಗುರಿದಾಗ ತನಗೆ ತಿಳಿಸುವಂತೆ ಬ್ರೌಸರಿಗೆ ಹೇಳಿಟ್ಟು, ತಿಳಿದಾಗಲೆಲ್ಲ ಹೊಸತನ್ನು ಪರೀಕ್ಷಿಸುತ್ತದೆ.

ಮೂರನೆಯ ಹಂತದಲ್ಲಿ ಜಾಗದ ಮಾತು ಮುಖ್ಯವಾದುದು. ಹಳೆಯ ವಿದ್ಯಾರ್ಥಿಯೊಬ್ಬನು 'ದಾನಿಗಳಿಂದ ಪ್ರಾಯೋಜಿತ ವಿದ್ಯಾರ್ಥಿವೇತನದಿಂದ ಓದು ಮುಂದುವರಿಸಿದೆ' ಎಂದು ಕೃತಜ್ಞತೆಯಿಂದ ಬರೆದಿದ್ದರೆ, ಪದವನ್ನಷ್ಟೇ ನೋಡುವ ಅವಿವೇಕದ ಸ್ಕ್ರಿಪ್ಟು ಅದನ್ನೂ ಕಲ್ಲೆಂದು ಎಸೆದುಬಿಡುತ್ತದೆ! ಆದುದರಿಂದ ಬಲ್ಲವರು ಬರೆದ ಸ್ಕ್ರಿಪ್ಟು, ಹೆಸರಿನ ಕೆಳಗೆ ಚೀಟಿ ಇರುವ ಜಾಗದಲ್ಲಿ ಆ ಪದವೊಂದೇ ಇದ್ದರೆ ಮಾತ್ರ ಬರಹವನ್ನು ಮರೆಮಾಡುತ್ತದೆ.

ಚೀಟಿಯನ್ನು ಮರೆಸುವ ಯತ್ನ

ಇಷ್ಟು ಸುಲಭವಾಗಿ ಆಯ್ಕೆ ನಡೆಯುವುದನ್ನು ಜಾಹೀರಾತಿನಿಂದ ಬದುಕುವ ಸಂಸ್ಥೆ ನೋಡಿ ಸುಮ್ಮನಿರಲಿಲ್ಲ. 2016ರ ಆಗಸ್ಟ್ 9ರಂದು ಫೇಸ್‌ಬುಕ್ ಸಂಸ್ಥೆಯು, ಮೇಜಿನ ಗಣಕಯಂತ್ರಗಳಲ್ಲಿ ತಡೆಸಾಧನ ಬಳಸುವವರಿಗೂ ಜಾಹೀರಾತು ಕಾಣುವಂತೆ ಮಾಡುವುದಾಗಿ ಪ್ರಕಟಿಸಿತು. ಜಾಹೀರಾತಿನ ಪೆಟ್ಟಿಗೆಯೂ ಸಾಮಾನ್ಯ ಬರಹದ ಪೆಟ್ಟಿಗೆಯೂ ಯಂತ್ರದ ದೃಷ್ಟಿಗೆ ಒಂದೇ ಆಗಿ ತೋರುವಂತೆ ಪುಟದ ರಚನೆಯನ್ನು ಬದಲಿಸಲಾಯಿತು. ಎರಡೇ ದಿನಗಳಲ್ಲಿ, ಅಂದರೆ ಆಗಸ್ಟ್ 11ರಂದು, ಆ್ಯಡ್‌ಬ್ಲಾಕ್ ಪ್ಲಸ್ ಬಳಗದವರು ಹೊಸ ಸೂತ್ರವೊಂದನ್ನು ಕಂಡುಹಿಡಿದರು. ಫೇಸ್‌ಬುಕ್ ಮತ್ತೆ ರಚನೆಯನ್ನು ಬದಲಿಸಿತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವ ಈ ಆಟ ಅಂದಿನಿಂದ ಮುಂದುವರಿಯಿತು.

ಅನಂತರದ ವರ್ಷಗಳಲ್ಲಿ ಬಂದ ಉಪಾಯವೊಂದು ಕುತೂಹಲಕರವಾದುದು. ಇಂಗ್ಲಿಷಿನಲ್ಲಿ ಒಂಬತ್ತು ಅಕ್ಷರಗಳಿರುವ 'ಸ್ಪಾನ್ಸರ್ಡ್' ಪದವನ್ನು ಫೇಸ್‌ಬುಕ್ ತುಂಡು ತುಂಡಾಗಿ ಕತ್ತರಿಸಿ, ಒಂದೊಂದು ತುಂಡನ್ನು ಒಂದೊಂದು ಪೆಟ್ಟಿಗೆಯಲ್ಲಿಟ್ಟು, ನಡುನಡುವೆ ಕಣ್ಣಿಗೆ ಕಾಣದ ಬೇರೆ ಅಕ್ಷರಗಳನ್ನು ತುರುಕಿತು. ಮನುಷ್ಯನ ಕಣ್ಣಿಗೆ ಪದ ಸರಿಯಾಗಿಯೇ ಕಾಣುತ್ತಿತ್ತು. ಪುಟದ ಬರಹವನ್ನು ಅನುಕ್ರಮವಾಗಿ ಓದುವ ಯಂತ್ರಕ್ಕೆ ಮಾತ್ರ ಅರ್ಥವಿಲ್ಲದ ಅಕ್ಷರಗಳ ರಾಶಿ ದೊರೆಯುತ್ತಿತ್ತು.

ಆದರೆ ಈ ಉಪಾಯದಲ್ಲಿಯೇ ಅದರ ದೌರ್ಬಲ್ಯವೂ ಅಡಗಿತ್ತು. ಜಾಹೀರಾತು ಜಾಹೀರಾತೆಂದು ಮನುಷ್ಯನಿಗೆ ತಿಳಿಯಲೇಬೇಕು. ಹಾಗೆ ತಿಳಿಸದಿದ್ದರೆ ಗ್ರಾಹಕನನ್ನು ವಂಚಿಸಿದಂತಾಗುತ್ತದೆಂಬುದು ಅನೇಕ ದೇಶಗಳ ಕಾನೂನಿನ ನಿಲುವು. ಆದುದರಿಂದ ಚೀಟಿಯನ್ನು ಪೂರ್ತಿಯಾಗಿ ಕಿತ್ತುಹಾಕಲು ಸಂಸ್ಥೆಗೆ ಸಾಧ್ಯವಿಲ್ಲ. ಮನುಷ್ಯನ ಕಣ್ಣಿಗೆ ಕಾಣುವುದನ್ನೇ ಯಂತ್ರವೂ ನೋಡಲು ಕಲಿತರೆ ಆಯಿತು! ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಈ ತತ್ತ್ವವನ್ನೇ ಪ್ರತಿಪಾದಿಸಿದರು. ಪುಟದ ಒಳರಚನೆಯನ್ನು ನಂಬದೆ, ಪರದೆಯ ಮೇಲೆ ನಿಜವಾಗಿ ಮೂಡಿದ ಚೀಟಿಯನ್ನು ಗುರುತಿಸುವ ಸಾಧನವೊಂದನ್ನು ಫೇಸ್‌ಬುಕ್ಕಿಗಾಗಿ ರಚಿಸಿ ತೋರಿಸಿದರು. ಸ್ಕ್ರಿಪ್ಟುಗಳೂ ಇದೇ ಜಾಡನ್ನು ಹಿಡಿಯಬಲ್ಲವು: ಕಾಣದ ಅಕ್ಷರಗಳನ್ನು ಬಿಟ್ಟು, ಕಾಣುವ ಅಕ್ಷರಗಳನ್ನು ಪರದೆಯ ಮೇಲಿನ ಸ್ಥಾನಕ್ಕನುಸಾರವಾಗಿ ಎಡದಿಂದ ಬಲಕ್ಕೆ ಕೂಡಿಸಿದರೆ ಪದ ತಾನಾಗಿ ಹೊರಬೀಳುತ್ತದೆ. ಓದುಗನಿಗೆ ಸತ್ಯ ಹೇಳಲೇಬೇಕೆಂಬ ಒಂದು ಸಣ್ಣ ಕಟ್ಟಳೆಯೇ ಓದುಗನ ಕೈಯ ದೊಡ್ಡ ಆಯುಧವಾದ ಬಗೆ ಇದು.

ಕನ್ನಡದ ಚೀಟಿ

ಈ ವಿಷಯದಲ್ಲಿ ಕನ್ನಡಿಗರು ಗಮನಿಸಬೇಕಾದ ಸಂಗತಿಯೊಂದಿದೆ. ಪುಟದ ಭಾಷೆಯನ್ನು ಕನ್ನಡಕ್ಕೆ ಬದಲಿಸಿಕೊಂಡವರಿಗೆ ಚೀಟಿಯ ಪದವೂ ಕನ್ನಡದ್ದಾಗುತ್ತದೆ. ಇಂಗ್ಲಿಷ್ ಪದವನ್ನು ಮಾತ್ರ ಬಲ್ಲ ಸ್ಕ್ರಿಪ್ಟು ಅಲ್ಲಿ ಕೈಚೆಲ್ಲಿ ಕೂರುತ್ತದೆ. ಇದನ್ನು ಸರಿಪಡಿಸಲು ಸ್ಕ್ರಿಪ್ಟಿನಲ್ಲಿರುವ ಪದಗಳ ಪಟ್ಟಿಗೆ ಆ ತಾಣವು ಬಳಸುವ ಕನ್ನಡ ಪದವನ್ನು ಸೇರಿಸಬೇಕು. ಕೆಲಸ ಒಂದು ಸಾಲಿನದು. ಆದರೆ ಕನ್ನಡ ಲಿಪಿಯ ಸ್ವಭಾವವನ್ನು ಅರಿಯದೆ ಮಾಡಿದರೆ ಫಲಿಸದೆ ಹೋಗಬಹುದು.

ಗಣಕಯಂತ್ರಗಳಲ್ಲಿ ಜಗತ್ತಿನ ಲಿಪಿಗಳನ್ನು ಸಂಕೇತಗಳಾಗಿ ಉಳಿಸುವ ಯೂನಿಕೋಡ್ ಎಂಬ ಕ್ರಮದಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಸ್ಥಾನ ಪಡೆದಿದೆ. 'ಪ್ರಾಯೋಜಿತ' ಎಂಬ ಪದದಲ್ಲಿ ಕಣ್ಣಿಗೆ ಕಾಣುವುದು ನಾಲ್ಕು ಅಕ್ಷರಗಳು: ಪ್ರಾ, ಯೋ, ಜಿ, ತ. ಯಂತ್ರದ ಲೆಕ್ಕದಲ್ಲಿ ಅವು ಒಂಬತ್ತು ಸಂಕೇತಗಳು. 'ಪ್ರಾ' ಎಂಬ ಒಂದಕ್ಷರದಲ್ಲಿಯೇ ಪಕಾರ, ವಿರಾಮಚಿಹ್ನೆ, ರಕಾರ, ದೀರ್ಘಚಿಹ್ನೆ ಎಂಬ ನಾಲ್ಕು ಸಂಕೇತಗಳಿವೆ. ಇವುಗಳನ್ನು ಬೇರೆಬೇರೆ ಪೆಟ್ಟಿಗೆಗಳಲ್ಲಿಟ್ಟು ಸ್ಥಾನಪಲ್ಲಟ ಮಾಡಿದರೆ ಒತ್ತಕ್ಷರವೇ ಕೂಡಿಕೊಳ್ಳದೆ ಪದ ಕೆಟ್ಟುಹೋಗುತ್ತದೆ. ಆದುದರಿಂದ ಇಂಗ್ಲಿಷಿನಂತೆ ಕನ್ನಡ ಪದವನ್ನು ಎಲ್ಲೆಂದರಲ್ಲಿ ಕತ್ತರಿಸಲು ಬರುವುದಿಲ್ಲ. ಅಕ್ಷರದ ಗಡಿಯಲ್ಲಿಯೇ ಕತ್ತರಿಸಬೇಕು.

ಇನ್ನೊಂದು ತೊಡಕು 'ಯೋ' ಎಂಬಲ್ಲಿದೆ. ಅದರ ಓಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಎರಡು ಬೇರೆ ಪದಗಳು. ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರುವ ಸೌಕರ್ಯ ಜಾವಾಸ್ಕ್ರಿಪ್ಟಿನಲ್ಲಿಯೇ ಇದೆ. ಕನ್ನಡ ಬಲ್ಲ ವಿದ್ಯಾರ್ಥಿಯು ಇದನ್ನು ತಿಳಿದು ಬರೆದರೆ, ಕನ್ನಡದಲ್ಲಿ ಪುಟ ನೋಡುವ ಹಿರಿಯರಿಗೆ ದೊಡ್ಡ ಉಪಕಾರವಾಗುತ್ತದೆ.

ನ್ಯಾಯವೇ ಅನ್ಯಾಯವೇ?

ಜಾಹೀರಾತಿನ ಹಣದಿಂದಲೇ ನಡೆಯುವ ಸೇವೆಯನ್ನು ಪಡೆದು, ಜಾಹೀರಾತನ್ನು ಮಾತ್ರ ನೋಡೆನೆಂಬುದು ಸರಿಯೆ ಎಂಬ ಪ್ರಶ್ನೆ ಸಹಜವಾದುದು. ಜರ್ಮನಿಯಲ್ಲಿ ಆಕ್ಸೆಲ್ ಸ್ಪ್ರಿಂಗರ್ ಎಂಬ ದೊಡ್ಡ ಪತ್ರಿಕಾ ಸಂಸ್ಥೆ ಆ್ಯಡ್‌ಬ್ಲಾಕ್ ಪ್ಲಸ್‌ನ ಒಡೆಯರ ಮೇಲೆ ದಾವೆ ಹೂಡಿತು. ಅಲ್ಲಿನ ಫೆಡರಲ್ ನ್ಯಾಯಾಲಯವು 2018ರ ಏಪ್ರಿಲ್ 19ರಂದು, ಜಾಹೀರಾತು ತಡೆಯುವ ಸಾಧನವನ್ನು ಒದಗಿಸುವುದು ಅನ್ಯಾಯದ ಪೈಪೋಟಿಯಲ್ಲವೆಂದೂ, ಬಳಸುವ ನಿರ್ಧಾರ ಓದುಗನದೆಂದೂ ತೀರ್ಪಿತ್ತಿತು. ಕೃತಿಸ್ವಾಮ್ಯದ ದೃಷ್ಟಿಯಿಂದ ಎತ್ತಿದ ಮತ್ತೊಂದು ವಾದವನ್ನು ಅದೇ ನ್ಯಾಯಾಲಯವು 2025ರ ಜುಲೈ 31ರಂದು ಕೆಳಗಿನ ನ್ಯಾಯಾಲಯದ ಮರುವಿಚಾರಣೆಗೆ ಕಳುಹಿಸಿತು. ಭಾರತದಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಯಲ್ಲಿ, ಗ್ರಾಹಕರನ್ನು ದಾರಿತಪ್ಪಿಸುವ ಹದಿಮೂರು ಬಗೆಯ ವಿನ್ಯಾಸಗಳನ್ನು ಹೆಸರಿಸಲಾಗಿದೆ. ವೇಷ ಮರೆಸಿದ ಜಾಹೀರಾತು ಅವುಗಳಲ್ಲಿ ಒಂದು.

ಕಾನೂನಿನ ಮಾತು ಹಾಗಿರಲಿ. ವಿವೇಕದ ಮಾತೂ ಒಂದಿದೆ. ಶ್ರಮಪಟ್ಟು ಬರೆದು, ಚೌಕಟ್ಟಿನೊಳಗೆ ನಾಲ್ಕು ಪ್ರಾಮಾಣಿಕ ಜಾಹೀರಾತುಗಳನ್ನು ಹಾಕಿಕೊಂಡು ಬದುಕುವ ಸಣ್ಣ ಜಾಲಪತ್ರಿಕೆಯ ಆದಾಯವನ್ನು ಕಸಿಯುವುದು ಸಜ್ಜನಿಕೆಯಲ್ಲ. ತಡೆಸಾಧನಗಳಲ್ಲಿ ಅಂತಹ ತಾಣಗಳಿಗೆ ವಿನಾಯಿತಿ ಕೊಡುವ ಅನುಕೂಲವಿದೆ, ಅದನ್ನು ಬಳಸತಕ್ಕದ್ದು. ಹಾಗೆಯೇ ತಡೆಯುವವರೆಲ್ಲರೂ ನಿಷ್ಕಾಮ ಸೇವಕರೆಂದು ತಿಳಿಯಲಾಗದು. ಆ್ಯಡ್‌ಬ್ಲಾಕ್ ಪ್ಲಸ್ ಸಂಸ್ಥೆಯೇ 2011ರಲ್ಲಿ 'ಒಪ್ಪತಕ್ಕ ಜಾಹೀರಾತು' ಎಂಬ ವರ್ಗವೊಂದನ್ನು ಮಾಡಿ, ಅವುಗಳನ್ನು ಒಳಬಿಡಲು ದೊಡ್ಡ ಸಂಸ್ಥೆಗಳಿಂದ ಶುಲ್ಕ ಪಡೆಯತೊಡಗಿತು. ಕಾವಲುಗಾರನನ್ನೂ ಆಗಾಗ ಪರೀಕ್ಷಿಸುವುದು ಒಳಿತು.

ಎಚ್ಚರಿಕೆ ಮತ್ತು ಮಿತಿ

ಸ್ಕ್ರಿಪ್ಟನ್ನು ಬಳಸುವವರು ಮರೆಯಬಾರದ ಮುಖ್ಯ ಸಂಗತಿಯೆಂದರೆ, ಪುಟದಲ್ಲಿ ಓದುಗನು ಕಾಣುವುದನ್ನೆಲ್ಲ ಸ್ಕ್ರಿಪ್ಟೂ ಕಾಣುತ್ತದೆ. ಖಾಸಗಿ ಸಂದೇಶಗಳೂ ಅದಕ್ಕೆ ಹೊರತಲ್ಲ. ಆರಿಸಲು ಮೊರ ಕೊಟ್ಟವಳು ಅಕ್ಕಿಯನ್ನೇ ಹೊತ್ತೊಯ್ಯುವಂತಾಗಬಾರದಷ್ಟೆ! 2005ರ ಜುಲೈನಲ್ಲಿ ಗ್ರೀಸ್‌ಮಂಕಿಯಲ್ಲಿಯೇ ಗಂಭೀರ ದೋಷವೊಂದು ಬೆಳಕಿಗೆ ಬಂದಿತ್ತು. ದುರುದ್ದೇಶದ ಜಾಲಪುಟವೊಂದು ಅದರ ಮೂಲಕ ಬಳಕೆದಾರನ ಗಣಕಯಂತ್ರದ ಕಡತಗಳನ್ನು ಓದಬಹುದಾಗಿತ್ತು. ಆ ದೋಷವನ್ನು ತಿದ್ದಲಾಯಿತಾದರೂ ಅದು ಕಲಿಸಿದ ಪಾಠ ಇಂದಿಗೂ ಸಲ್ಲುತ್ತದೆ.

ಆದುದರಿಂದ ಸ್ಕ್ರಿಪ್ಟಿನ ತಲೆಬರಹವನ್ನು ಓದಿ, ಅದು ನಡೆಯುವುದು ಉದ್ದೇಶಿತ ತಾಣವೊಂದರಲ್ಲಿ ಮಾತ್ರವೆ ಎಂದು ಖಚಿತಪಡಿಸಿಕೊಳ್ಳಬೇಕು. 'ಎಲ್ಲ ತಾಣಗಳಲ್ಲಿಯೂ' ನಡೆಯಬಯಸುವ ಸ್ಕ್ರಿಪ್ಟನ್ನು ಕಾರಣವಿಲ್ಲದೆ ಒಳಬಿಡಬಾರದು. 2014ರಲ್ಲಿ ಆರಂಭವಾದ 'ಗ್ರೀಸಿ ಫೋರ್ಕ್' ಎಂಬ ಸಂಗ್ರಹದಲ್ಲಿ ಸ್ಕ್ರಿಪ್ಟಿನ ಪೂರ್ಣ ಬರಹವನ್ನು ಓದುವ ಅವಕಾಶವಿದೆ. ಓದಲು ಬಲ್ಲವರಿಗೆ ತೋರಿಸಿದ ಮೇಲೆಯೇ ಅಳವಡಿಸುವುದು ಕ್ಷೇಮ. ಅಪರಿಚಿತರು ಕಳುಹಿಸಿದ ಸಾಲುಗಳನ್ನು ಬ್ರೌಸರಿನ ಕನ್ಸೋಲ್ ಎಂಬ ಕಿಟಕಿಯಲ್ಲಿ ಎಂದಿಗೂ ಅಂಟಿಸಬಾರದು. ಇಂತಹ ವಂಚನೆ ಹೆಚ್ಚಿದುದರಿಂದಲೇ ಫೇಸ್‌ಬುಕ್ ಆ ಕಿಟಕಿಯಲ್ಲಿ ದೊಡ್ಡ ಅಕ್ಷರಗಳ 'ನಿಲ್ಲಿ' ಎಂಬ ಎಚ್ಚರಿಕೆಯನ್ನು ಇರಿಸಿತು.

ಮಿತಿಗಳೂ ಇವೆ. ಸ್ಕ್ರಿಪ್ಟು ಬ್ರೌಸರಿನಲ್ಲಿ ಮಾತ್ರ ನಡೆಯುತ್ತದೆ. ಮೊಬೈಲಿನಲ್ಲಿರುವ ಫೇಸ್‌ಬುಕ್ ಆ್ಯಪ್‌ನೊಳಗೆ ಅದಕ್ಕೆ ಪ್ರವೇಶವಿಲ್ಲ. ಮೊಬೈಲಿನಲ್ಲಿಯೂ ಇದರ ಪ್ರಯೋಜನ ಬೇಕೆಂಬವರು ಆ್ಯಪ್ ಬಿಟ್ಟು, ಜೋಡಣೆಗಳಿಗೆ ಅವಕಾಶವಿರುವ ಆಂಡ್ರಾಯ್ಡ್ ಫೈರ್‌ಫಾಕ್ಸ್‌ನಂತಹ ಬ್ರೌಸರಿನಲ್ಲಿ ತಾಣವನ್ನು ತೆರೆಯಬೇಕು. ಕ್ರೋಮ್ ಬ್ರೌಸರು 2024-25ರಲ್ಲಿ ಜೋಡಣೆಗಳ ನಿಯಮವನ್ನು ಬದಲಿಸಿದುದರಿಂದ ಯುಬ್ಲಾಕ್ ಒರಿಜಿನ್‌ನ ಪೂರ್ಣರೂಪ ಅಲ್ಲಿ ನಿಂತುಹೋಯಿತು. ಸ್ಕ್ರಿಪ್ಟುಗಳನ್ನು ನಡೆಸಲು ಅಲ್ಲಿ ಬಳಕೆದಾರನು ಪ್ರತ್ಯೇಕವಾಗಿ ಅನುಮತಿ ಕೊಡಬೇಕಾಯಿತು. ತಾಣದ ರಚನೆ ಬದಲಾದಾಗಲೆಲ್ಲ ಸ್ಕ್ರಿಪ್ಟೂ ಬದಲಾಗಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಜಾಹೀರಾತು ಕಣ್ಣಿಗೆ ಮರೆಯಾದ ಮಾತ್ರಕ್ಕೆ ಬಳಕೆದಾರನ ಚಲನವಲನದ ವಿವರ ಸಂಗ್ರಹವಾಗುವುದು ನಿಲ್ಲುವುದಿಲ್ಲ. ಮೊರವು ಕಲ್ಲನ್ನು ತೆಗೆಯಬಲ್ಲದು. ಅಂಗಡಿಯವನ ಲೆಕ್ಕದ ಪುಸ್ತಕವನ್ನು ಅಳಿಸಲಾರದು.

ವಿದ್ಯಾಸಂಸ್ಥೆಗಳ ಪಾತ್ರ

ದಾನಿಗಳ ಔದಾರ್ಯದಿಂದ ಅನೇಕ ಶಾಲೆಗಳಲ್ಲಿ ಗಣಕಯಂತ್ರದ ಕೊಠಡಿಗಳು ಸಜ್ಜುಗೊಂಡಿವೆ. ಅಲ್ಲಿ ಮಕ್ಕಳು ಯಂತ್ರವನ್ನು ನಡೆಸಲು ಕಲಿಯುತ್ತಾರೆ. ಯಂತ್ರವು ತಮ್ಮನ್ನು ನಡೆಸದಂತೆ ನೋಡಿಕೊಳ್ಳಲು ಕಲಿಯುವುದೂ ಅಷ್ಟೇ ಅಗತ್ಯ. ಇದಕ್ಕೆ ಸ್ಕ್ರಿಪ್ಟಿಗಿಂತ ಒಳ್ಳೆಯ ಪಾಠ ದೊರೆಯುವುದು ಕಷ್ಟ. ಶಿಕ್ಷಕರು ತಾವೇ ಒಂದು ಮಾದರಿ ಪುಟವನ್ನು ರಚಿಸಿ, ಹತ್ತು ಬರಹಗಳ ನಡುವೆ ಎರಡಕ್ಕೆ 'ಪ್ರಾಯೋಜಿತ' ಎಂಬ ಚೀಟಿ ಹಚ್ಚಿ, ಆ ಎರಡನ್ನು ಮಾತ್ರ ಮರೆಮಾಡುವ ಹತ್ತು ಹನ್ನೆರಡು ಸಾಲುಗಳ ಸ್ಕ್ರಿಪ್ಟನ್ನು ಮಕ್ಕಳಿಂದ ಬರೆಸಬಹುದು. ಯಾರ ಖಾತೆಯೂ ಬೇಕಾಗಿಲ್ಲ, ಅಂತರಜಾಲದ ಸಂಪರ್ಕವೂ ಬೇಕಾಗಿಲ್ಲ. ಪುಟದ ರಚನೆ, ಭಾಷೆಯ ಸೂಕ್ಷ್ಮ, ತರ್ಕದ ಶಿಸ್ತು ಈ ಮೂರೂ ಒಂದೇ ಪಾಠದಲ್ಲಿ ಕೂಡಿ ಬರುತ್ತವೆ.

ಅದಕ್ಕಿಂತಲೂ ಹಿರಿದಾದ ಲಾಭವೊಂದಿದೆ. ಚೀಟಿಯನ್ನು ಹುಡುಕಲು ಯಂತ್ರಕ್ಕೆ ಕಲಿಸಿದ ವಿದ್ಯಾರ್ಥಿಯ ಕಣ್ಣು ತಾನೂ ಚೀಟಿಯನ್ನು ಹುಡುಕಲು ಕಲಿತಿರುತ್ತದೆ. ಸ್ಕ್ರಿಪ್ಟು ಇಲ್ಲದ ಕಡೆಯಲ್ಲಿ, ತಂದೆಯ ಮೊಬೈಲಿನಲ್ಲಿ, ಅಜ್ಜನ ಮೊಬೈಲಿನಲ್ಲಿ, ಪರಿಚಿತ ಮುಖವೊಂದು ಹಣದ ಆಸೆ ತೋರಿಸಿದಾಗ 'ಇದರ ಹೆಸರಿನ ಕೆಳಗೆ ಏನು ಬರೆದಿದೆ ನೋಡಿ' ಎಂದು ಹೇಳಬಲ್ಲ ಮಗುವೊಂದು ಮನೆಯಲ್ಲಿದ್ದರೆ, ಆ ಮನೆಯ ಉಳಿತಾಯಕ್ಕೆ ಅದಕ್ಕಿಂತ ಒಳ್ಳೆಯ ಕಾವಲು ಬೇರೊಂದಿಲ್ಲ. ಓದು ಬರಹ ಕಲಿಸುವುದೆಂದರೆ ದೊಡ್ಡ ಅಕ್ಷರಗಳನ್ನು ಮಾತ್ರವಲ್ಲ, ಸಣ್ಣ ಅಕ್ಷರಗಳನ್ನೂ ಓದಲು ಕಲಿಸುವುದೆಂಬುದನ್ನು ಈ ಕಾಲದ ಶಾಲೆಗಳು ಮರೆಯದಿರಲಿ.